ಲೋನ್ ಆ್ಯಪ್ ಕಂತು ತಪ್ಪಿತಾ? ರಿಕವರಿ ಕಾಲ್‌ಗಳನ್ನು ಎದುರಿಸುವುದು ಹೀಗೆ

ಆ್ಯಪ್‌ನಲ್ಲಿ ಸಣ್ಣ ಸಾಲ ತೆಗೆದುಕೊಂಡು, ಸಂಬಳ ಬಂದ ತಕ್ಷಣ ತೀರಿಸಿಬಿಡೋಣ ಅಂದುಕೊಂಡು, ಅದು ಆಗದೆ ಈಗ ದಿನವಿಡೀ ರಿಂಗಾಗುವ ಫೋನನ್ನು ನೋಡುತ್ತಾ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾಲ ನಿಜ, ಅದನ್ನು ಕಟ್ಟಬೇಕು ಅನ್ನುವುದೂ ನಿಜ. ಆದರೆ ಫೋನಿನಲ್ಲಿ ಕೂಗಾಡುವವನು ಹೇಳುವುದೆಲ್ಲ ನಿಜವಲ್ಲ. ಅವನ ಹತ್ತಿರ ಇರುವ ಬಲ ಒಂದೇ, ಅವಸರ. ನಿಮಗೆ ಯೋಚನೆ ಮಾಡಲು ಬಿಡದೆ, ಹೆದರಿಸಿ, ಈಗಲೇ ದುಡ್ಡು ಹಾಕಿಸಿಕೊಳ್ಳಬೇಕು. ನೀವು ಮಾಡಬೇಕಾದದ್ದು ಇಷ್ಟು: ಫೋನಿನಲ್ಲಿ ನಡೆಯುತ್ತಿರುವ ಮಾತನ್ನು ಬರವಣಿಗೆಗೆ ಎಳೆದು ತನ್ನಿ. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಮೊದಲು, ಸಾಲ ಯಾರದ್ದು?

ಆ್ಯಪ್ ಹೆಸರು ಗೊತ್ತಿರುತ್ತದೆ, ಸಾಲ ಕೊಟ್ಟವರ ಹೆಸರು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆ್ಯಪ್ ಬರೀ ಮಧ್ಯವರ್ತಿ. ದುಡ್ಡು ಕೊಟ್ಟಿರುವುದು ಹಿಂದೆ ಇರುವ ಬ್ಯಾಂಕು ಅಥವಾ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ. ಸಾಲದ ಒಪ್ಪಂದ ನಿಮ್ಮ ಇಮೇಲ್‌ಗೆ ಬಂದಿರಬೇಕು, ಅದರ ಜೊತೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನುವ ಒಂದು ಹಾಳೆ ಇರಬೇಕು. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಎಲ್ಲ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಅನ್ನುವುದು ಅದರಲ್ಲೇ ಇರುತ್ತದೆ. ಸಿಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಸಾಲದ ದುಡ್ಡು ಬಂದ ದಿನ ಯಾರ ಹೆಸರಿನಿಂದ ಜಮಾ ಆಗಿದೆ ನೋಡಿ.

ಹೆಸರು ಸಿಕ್ಕಮೇಲೆ ಅದು ಆರ್‌ಬಿಐನಲ್ಲಿ ನೋಂದಣಿ ಆಗಿದೆಯಾ ಅಂತ ಹುಡುಕಿ. ಆರ್‌ಬಿಐ ವೆಬ್‌ಸೈಟಿನಲ್ಲಿ ಎನ್‌ಬಿಎಫ್‌ಸಿಗಳ ಪಟ್ಟಿ ಇದೆ. 2025ರ ಜುಲೈನಿಂದ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯೂ ಅಲ್ಲಿದೆ, ಯಾವ ಆ್ಯಪ್ ಯಾವ ಸಂಸ್ಥೆಗೆ ಸೇರಿದ್ದು ಅಂತ ಅದರಲ್ಲಿ ನೋಡಬಹುದು.

ಎಲ್ಲೂ ಹೆಸರು ಸಿಗಲಿಲ್ಲ ಅಂದರೆ ಅದು ಬಹುತೇಕ ಕಳ್ಳ ಆ್ಯಪ್. ಅವುಗಳ ಚಹರೆ ಎಲ್ಲ ಕಡೆ ಒಂದೇ ಥರ. 5,000 ರೂಪಾಯಿ ಸಾಲ ಅಂತ ತೋರಿಸುತ್ತಾರೆ, ಶುಲ್ಕ ಅಂತ ಹೇಳಿ ಖಾತೆಗೆ 3,000 ಹಾಕುತ್ತಾರೆ, 7 ದಿನಕ್ಕೆ ಪೂರ್ತಿ 5,000 ಕೇಳುತ್ತಾರೆ. ಎಷ್ಟೋ ಸಲ ಆರನೇ ದಿನವೇ ಬೈಗುಳ ಶುರು. 60 ದಿನಕ್ಕಿಂತ ಒಳಗೆ ಪೂರ್ತಿ ತೀರಿಸಿ ಅನ್ನುವ ಸಾಲದ ಆ್ಯಪ್‌ಗಳನ್ನು ಗೂಗಲ್ ಪ್ಲೇ ಸ್ಟೋರ್ ತನ್ನ ನಿಯಮದಲ್ಲೇ ಬೇಡ ಅಂದಿದೆ. ಅದಕ್ಕೇ ಇವರು ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿ ಇನ್‌ಸ್ಟಾಲ್ ಮಾಡಿಸುತ್ತಾರೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ದಾರಿಗಳು ಇಲ್ಲೇ ಬೇರೆಯಾಗುತ್ತವೆ. ನೋಂದಣಿ ಇರುವ ಸಂಸ್ಥೆಯ ಜೊತೆ ಮಾತುಕತೆ ಮಾಡಬಹುದು, ಅವರ ಮೇಲೆ ಆರ್‌ಬಿಐಗೆ ದೂರು ಕೊಡಬಹುದು, ಅವರೂ ನಿಮ್ಮ ಮೇಲೆ ಕಾನೂನು ಪ್ರಕಾರ ಹೋಗಬಹುದು. ಕಳ್ಳ ಆ್ಯಪ್‌ನವರ ಜೊತೆ ಮಾತುಕತೆ ಅನ್ನುವುದೇ ಇಲ್ಲ. ಅವರಿಗೆ ಹೆದರಿ ಒಂದು ಸಲ ಹೆಚ್ಚಿಗೆ ದುಡ್ಡು ಹಾಕಿದರೆ, ನೀವು ಹೆದರುತ್ತೀರಿ ಅಂತ ಗೊತ್ತಾಗಿ ಮತ್ತೆ ಕೇಳುತ್ತಾರೆ. ಅಲ್ಲಿ ಸೀದಾ ಪೊಲೀಸ್ ದಾರಿ.

ಫೋನ್ ಬಂದಾಗ

ಫೋನ್ ಎತ್ತಲೇಬಾರದು ಅಂತ ಕೆಲವರು ಸಲಹೆ ಕೊಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ, ಕಡೇಪಕ್ಷ ನೋಂದಣಿ ಇರುವ ಸಂಸ್ಥೆಯ ವಿಷಯದಲ್ಲಿ. ಪೂರ್ತಿ ಸುಮ್ಮನಾದರೆ ಅವರು ನಿಮ್ಮ ಅಮ್ಮನಿಗೋ ಆಫೀಸಿಗೋ ಫೋನ್ ಹಚ್ಚುತ್ತಾರೆ, ‘ಕಸ್ಟಮರ್ ಸಿಗುತ್ತಿಲ್ಲ’ ಅನ್ನುವ ನೆಪವೂ ಅವರಿಗೆ ಸಿಗುತ್ತದೆ. ಒಂದು ಸಲ ಎತ್ತಿ, ರೆಕಾರ್ಡಿಂಗ್ ಹಾಕಿ, ಸಮಾಧಾನವಾಗಿ ಮಾತಾಡಿ. ಮಾತು ಸುಮಾರಾಗಿ ಹೀಗೆ ಸಾಗುತ್ತದೆ:

‘ಇವತ್ತು ಸಂಜೆ 5 ಗಂಟೆ ಒಳಗೆ ಕಟ್ಟಿಲ್ಲ ಅಂದ್ರೆ ಪೊಲೀಸ್ ಕರ್ಕೊಂಡು ಮನೆಗೇ ಬರ್ತೀವಿ.’

‘ಸಾರ್, ನಿಮ್ಮ ಹೆಸರೇನು? ಯಾವ ಏಜೆನ್ಸಿ? ಯಾವ ಸಂಸ್ಥೆಯ ಪರವಾಗಿ ಮಾತಾಡ್ತಿದ್ದೀರಿ? ಲೋನ್ ನಂಬರ್ ಹೇಳಿ.’

‘ಅದೆಲ್ಲ ನಿನಗ್ಯಾಕೆ? ದುಡ್ಡು ಯಾವಾಗ ಹಾಕ್ತೀಯ ಹೇಳು.’

‘ಬಾಕಿ ಇರೋದು ನನಗೆ ಗೊತ್ತಿದೆ ಸಾರ್. ಎಷ್ಟು ಅನ್ನೋದನ್ನ ಇಮೇಲ್‌ನಲ್ಲಿ ಕಳಿಸಿ, ಇಮೇಲ್‌ನಲ್ಲೇ ಉತ್ತರ ಕೊಡ್ತೀನಿ. ಈ ಕಾಲ್ ರೆಕಾರ್ಡ್ ಆಗ್ತಿದೆ.’

ಇಷ್ಟು ಹೇಳಿ ಇಟ್ಟುಬಿಡಿ. ಮತ್ತೆ ಮಾಡಿದರೆ ಅದೇ ಮಾತನ್ನೇ ಹೇಳಿ, ಬೇರೆ ಏನನ್ನೂ ಸೇರಿಸಬೇಡಿ. ಎಲ್ಲಿ ಕೆಲಸ, ಮನೆಯಲ್ಲಿ ಯಾರಿದ್ದಾರೆ, ಸಂಬಳ ಯಾವತ್ತು, ಚಿನ್ನ ಇದೆಯಾ, ಅಣ್ಣನ ಹತ್ತಿರ ಕೇಳಬಹುದಲ್ವಾ, ಇಂಥ ಯಾವ ಪ್ರಶ್ನೆಗೂ ಉತ್ತರ ಕೊಡುವ ಅಗತ್ಯ ಇಲ್ಲ. ಕೈಯಲ್ಲಿ ದುಡ್ಡಿಲ್ಲದೆ ‘ನಾಳೆ ಹಾಕ್ತೀನಿ’ ಅಂತ ಮಾತ್ರ ಹೇಳಬೇಡಿ. ಆ ಕ್ಷಣಕ್ಕೆ ಫೋನ್ ನಿಲ್ಲುತ್ತದೆ ನಿಜ, ನಾಡಿದ್ದು ಅದೇ ಮಾತು ಹಿಡಿದುಕೊಂಡು ದುಪ್ಪಟ್ಟು ಜೋರಾಗಿ ಬರುತ್ತಾರೆ. ಬೈದರೆ ನೀವು ಬೈಯಬೇಡಿ. ಕಷ್ಟ, ಗೊತ್ತು, ಅಮ್ಮನನ್ನು ಎತ್ತಿ ಆಡಿದರೆ ಯಾರಿಗೂ ತಡೆಯಲು ಆಗುವುದಿಲ್ಲ. ಆದರೆ ಆ ರೆಕಾರ್ಡಿಂಗ್‌ನಲ್ಲಿ ಕೊಳಕು ಬಾಯಿ ಅವರದ್ದು ಮಾತ್ರ ಇರಲಿ.

ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ಬಾಕಿ ಸಾಲ ಕೇಳಲು ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಹೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಮಾನ ಕಳೆಯುವಂತಿಲ್ಲ, ಮನೆಯವರ ಮತ್ತು ಸ್ನೇಹಿತರ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ, ಅಸಭ್ಯ ಮೆಸೇಜ್ ಕಳಿಸುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲವಾದರೆ ಸಮಯ ಇನ್ನೂ ಕಮ್ಮಿ, ಬೆಳಗ್ಗೆ 9ರಿಂದ ಸಂಜೆ 6. ಏಜೆಂಟ್ ತಪ್ಪು ಮಾಡಿದರೆ ‘ಅವರು ಹೊರಗಿನ ಏಜೆನ್ಸಿ, ನಮಗೆ ಸಂಬಂಧ ಇಲ್ಲ’ ಅಂತ ಸಾಲ ಕೊಟ್ಟ ಸಂಸ್ಥೆ ಕೈ ತೊಳೆದುಕೊಳ್ಳಲು ಬರುವುದಿಲ್ಲ, ಹೊಣೆ ಅವರದ್ದೇ. ಆ್ಯಪ್ ಸಾಲದಲ್ಲಂತೂ, ಏಜೆಂಟ್ ನಿಮ್ಮನ್ನು ಸಂಪರ್ಕಿಸುವ ಮೊದಲೇ ಅವನ ವಿವರವನ್ನು ಇಮೇಲ್ ಅಥವಾ ಎಸ್‌ಎಂಎಸ್ ಮೂಲಕ ನಿಮಗೆ ತಿಳಿಸಬೇಕು.

ಅದೇ ದಿನ ಒಂದು ಇಮೇಲ್ ಹಾಕಿ

ಕಳಿಸಬೇಕಾದದ್ದು ಏಜೆಂಟನಿಗಲ್ಲ, ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ. ಅವರ ವಿಳಾಸ ಸಂಸ್ಥೆಯ ವೆಬ್‌ಸೈಟಿನಲ್ಲಿ, ಒಪ್ಪಂದದಲ್ಲಿ ಇರಲೇಬೇಕು. ದೊಡ್ಡ ಭಾಷೆ ಬೇಡ. ಹೀಗೆ ಬರೆದರೆ ಸಾಕು:

‘ನನ್ನ ಲೋನ್ ನಂಬರ್ ಇದು. ಕೆಲಸ ಹೋಗಿರುವುದರಿಂದ ಈ ತಿಂಗಳ ಕಂತು ಕಟ್ಟಲು ಆಗಿಲ್ಲ. ಸಾಲ ತೀರಿಸುವ ಮನಸ್ಸಿದೆ. ಅಸಲು, ಬಡ್ಡಿ, ದಂಡ ಬೇರೆ ಬೇರೆಯಾಗಿ ತೋರಿಸಿ ಇಲ್ಲಿಯವರೆಗಿನ ಲೆಕ್ಕ ಕಳಿಸಿ. ತಿಂಗಳಿಗೆ ಇಷ್ಟು ಕಟ್ಟಲು ಸಾಧ್ಯ, ಅದರ ಪ್ರಕಾರ ಕಂತು ಬದಲಿಸಿಕೊಡಿ. ನನ್ನ ಸಂಬಂಧಿಕರಿಗೆ, ಆಫೀಸಿಗೆ ಕರೆ ಮಾಡಬೇಡಿ. ಇಂಥ ದಿನ ಇಷ್ಟು ಗಂಟೆಗೆ ಈ ನಂಬರಿನಿಂದ ಬೈದು ಮಾತಾಡಿದ್ದಾರೆ, ರೆಕಾರ್ಡಿಂಗ್ ಇದೆ.’

ಕೆಲಸ ಹೋಗಿರದಿದ್ದರೆ ನಿಮ್ಮ ನಿಜವಾದ ಕಾರಣ ಬರೆಯಿರಿ, ಸುಳ್ಳು ಬೇಡ. ಕಟ್ಟಲು ಆಗುವ ಮೊತ್ತವನ್ನೂ ಜೋಪಾನವಾಗಿ ಹೇಳಿ. ಬಾಡಿಗೆ, ದಿನಸಿ, ಮಕ್ಕಳ ಫೀಸು, ಔಷಧಿ ತೆಗೆದು ಉಳಿಯುವುದರಲ್ಲಿ ಎಷ್ಟು ಅಂತ ನೋಡಿ ಹೇಳಿ. 4,000 ಅಂತ ಒಪ್ಪಿಕೊಂಡು ಎರಡನೇ ತಿಂಗಳೇ ತಪ್ಪುವುದಕ್ಕಿಂತ 1,500 ಅಂತ ಹೇಳಿ ತಪ್ಪದೆ ಕಟ್ಟುವುದು ಮೇಲು.

ಲೆಕ್ಕ ಬಂದಾಗ ದಂಡದ ಕಡೆ ಕಣ್ಣಿಡಿ. 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮದ ಪ್ರಕಾರ ದಂಡವನ್ನು ಬಡ್ಡಿಗೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಲೆಕ್ಕ ಹಾಗೆ ಊದಿಕೊಂಡಿದ್ದರೆ ಮತ್ತೆ ಇಮೇಲ್‌ನಲ್ಲೇ ಪ್ರಶ್ನೆ ಮಾಡಿ.

ಇದರ ಜೊತೆ ಬ್ಯಾಂಕಿನ ಆಟೋ ಡೆಬಿಟ್, ಅಂದರೆ ಖಾತೆಯಿಂದ ಕಂತು ತಾನೇ ಕಡಿತ ಆಗುವ ವ್ಯವಸ್ಥೆಯನ್ನೂ ನೋಡಿಕೊಳ್ಳಿ. ಖಾತೆಯಲ್ಲಿ ದುಡ್ಡಿಲ್ಲದಾಗ ಪದೇ ಪದೇ ಕಂತು ಎಳೆಯಲು ಹೋಗಿ ಬೌನ್ಸ್ ಆದರೆ ಬ್ಯಾಂಕಿನ ಶುಲ್ಕ, ಸಾಲದವರ ಶುಲ್ಕ ಎರಡೂ ಬೀಳುತ್ತವೆ. ಬ್ಯಾಂಕಿಗೆ ಬರೆದುಕೊಟ್ಟು ಅದನ್ನು ನಿಲ್ಲಿಸಬಹುದು. ಆದರೆ ಒಂದು ಎಚ್ಚರಿಕೆ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮನೆಯವರಿಗೆ, ಸ್ನೇಹಿತರಿಗೆ ನೀವೇ ಮೊದಲು ಹೇಳಿ

ಎಲ್ಲಕ್ಕಿಂತ ಜಾಸ್ತಿ ಜನ ಕುಸಿಯುವುದು ಇಲ್ಲಿ. ಕಳ್ಳ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್‌ಗಳನ್ನೆಲ್ಲ ಮೊದಲೇ ಎತ್ತಿಕೊಂಡಿರುತ್ತದೆ, ಫೋಟೋಗಳನ್ನೂ ಬಿಟ್ಟಿರುವುದಿಲ್ಲ. ಅತ್ತೆ, ಮ್ಯಾನೇಜರ್, ಹಳೆಯ ಮೇಷ್ಟ್ರು, ಎಲ್ಲರಿಗೂ ‘ಇವರು ಕಳ್ಳರು’ ಅಂತ ಮೆಸೇಜ್ ಹೋಗುತ್ತದೆ. ಫೋಟೋ ತಿದ್ದಿ ಅಶ್ಲೀಲ ಮಾಡಿ ಕಳಿಸುವವರೂ ಇದ್ದಾರೆ. ಸಾಲದ ಆ್ಯಪ್ ಕಾಂಟ್ಯಾಕ್ಟ್ ಲಿಸ್ಟ್, ಫೋಟೋ, ಕಾಲ್ ವಿವರ ನೋಡುವಂತೆಯೇ ಇಲ್ಲ ಅಂತ ಆರ್‌ಬಿಐ ನಿಯಮ ಇದೆ. ಅಂದರೆ ಅವರು ಹೀಗೆ ಮಾಡಿದರೆ ಅಪರಾಧಿ ಸ್ಥಾನದಲ್ಲಿ ನಿಲ್ಲಬೇಕಾದವರು ಅವರು.

ಅವರ ಮೆಸೇಜ್ ಹೋಗುವ ಮೊದಲು ನಿಮ್ಮ ಮೆಸೇಜ್ ಹೋಗಲಿ. ಮನೆಯವರಿಗೆ ಎದುರು ಕೂತೇ ಹೇಳಿ. ಉಳಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಇಷ್ಟು ಹಾಕಿ: ‘ಒಂದು ಲೋನ್ ಆ್ಯಪ್‌ನವರು ನನ್ನ ಫೋನಿನಿಂದ ನಂಬರ್‌ಗಳನ್ನು ಕದ್ದು ಎಲ್ಲರಿಗೂ ಕೆಟ್ಟ ಮೆಸೇಜ್ ಕಳಿಸುತ್ತಿದ್ದಾರೆ. ನಿಮಗೂ ಬರಬಹುದು. ಯಾವ ಲಿಂಕೂ ಒತ್ತಬೇಡಿ, ದುಡ್ಡು ಹಾಕಬೇಡಿ. ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ ಬ್ಲಾಕ್ ಮಾಡಿ, ದೂರು ಕೊಡುತ್ತಿದ್ದೇನೆ.’ ಇದನ್ನು ಕಳಿಸಲು ಕೈ ನಡುಗುತ್ತದೆ, ನಿಜ. ಆದರೆ ವಿಷಯ ನಿಮ್ಮ ಬಾಯಿಂದಲೇ ಬಂದ ಮೇಲೆ ಅವರ ಹತ್ತಿರ ಹೆದರಿಸಲು ಏನೂ ಉಳಿಯುವುದಿಲ್ಲ, ಬರುವ ಒಂದೊಂದು ಸ್ಕ್ರೀನ್‌ಶಾಟೂ ನಿಮ್ಮ ದೂರಿಗೆ ಸಾಕ್ಷಿ. ಆಫೀಸಿನಲ್ಲೂ ಹಾಗೆಯೇ, ಎಚ್‌ಆರ್‌ಗೆ ಎರಡು ಸಾಲು ಮೊದಲೇ ಬರೆದಿಡಿ.

ಅನುಮಾನದ ಆ್ಯಪ್ ಅನ್ನು ಅನ್‌ಇನ್‌ಸ್ಟಾಲ್ ಮಾಡುವ ಮೊದಲು ಅದರಲ್ಲಿರುವ ಸಾಲದ ವಿವರ, ದಿನಾಂಕ, ದುಡ್ಡು ಕಟ್ಟಿದ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್‌ಗಳನ್ನೆಲ್ಲ ತೆಗೆದು, ಆ್ಯಪ್ ತೆಗೆಯಿರಿ.

ರಾತ್ರಿ ನಿದ್ದೆ ಬರದೆ, ಇನ್ನು ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ದಯವಿಟ್ಟು ಒಬ್ಬರೇ ಇರಬೇಡಿ. ಯಾರನ್ನಾದರೂ ಎಬ್ಬಿಸಿ ಹೇಳಿ. ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾವ ಆ್ಯಪ್‌ನ ಸಾಲವೂ ಒಂದು ಜೀವಕ್ಕಿಂತ ದೊಡ್ಡದಿಲ್ಲ.

‘ನಿಮ್ಮ ಮೇಲೆ ವಾರಂಟ್ ಆಗಿದೆ’

ವಾಟ್ಸ್‌ಆ್ಯಪ್‌ಗೆ ಒಂದು ಪಿಡಿಎಫ್ ಬರುತ್ತದೆ. ಮೇಲೆ ಅಶೋಕ ಸ್ತಂಭ, ಕೆಂಪು ಸೀಲು, ಕೆಳಗೆ ‘ಐಪಿಸಿ 420 ಅಡಿ ಕೇಸು, 2 ಗಂಟೆಯಲ್ಲಿ ಬಂಧನ’, ಅದರ ಕೆಳಗೆ ಒಂದು ಯುಪಿಐ ಐಡಿ. ಯಾವ ಕೋರ್ಟೂ ಯುಪಿಐನಲ್ಲಿ ದುಡ್ಡು ಕೇಳುವುದಿಲ್ಲ. 420 ಅನ್ನುವುದು ಹಳೆಯ ದಂಡ ಸಂಹಿತೆಯಾದ ಐಪಿಸಿಯಲ್ಲಿದ್ದ ವಂಚನೆಯ ಸೆಕ್ಷನ್. ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿರುವುದು 2024ರ ಜುಲೈ 1ರಂದು, ಆಮೇಲೆ ತೆಗೆದುಕೊಂಡ ಸಾಲಕ್ಕೂ 420 ಅಂತ ಬರೆದು ಕಳಿಸಿದ್ದರೆ ಅದನ್ನು ಯಾವ ವಕೀಲರೂ ನೋಡಿಲ್ಲ ಅಂತ ಅರ್ಥ. ನಿಜವಾದ ಕೇಸಾದರೆ 16 ಅಕ್ಷರ ಅಂಕಿಗಳ ಸಿಎನ್‌ಆರ್ ನಂಬರ್, ಅಂದರೆ ಆ ಕೇಸಿನ ಗುರುತಿನ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಕೇಸು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ದುಡ್ಡಿಲ್ಲದೆ ಕಂತು ತಪ್ಪುವುದು ಅಷ್ಟಕ್ಕೇ ಅಪರಾಧ ಆಗುವುದಿಲ್ಲ, ಅದು ಸಿವಿಲ್ ವಿಷಯ. ಅದಕ್ಕಾಗಿ ಪೊಲೀಸರು ಮನೆಗೆ ಬಂದು ಎಳೆದುಕೊಂಡು ಹೋಗುವುದಿಲ್ಲ.

ಹಾಗಂತ ಬಂದ ಎಲ್ಲ ನೋಟಿಸನ್ನೂ ಸುಳ್ಳು ಅಂತ ಮೂಲೆಗೆ ಎಸೆಯಬೇಡಿ. ಮೇಲೆ ಹೇಳಿದ ಎಚ್ಚರಿಕೆ ಇದೇ. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಇರುವ ಹಾಗೆಯೇ, ಆಟೋ ಡೆಬಿಟ್ ಬೌನ್ಸ್ ಆದರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಇದೆ. ಇದು ಕ್ರಿಮಿನಲ್ ಕೇಸು, 2 ವರ್ಷದವರೆಗೆ ಜೈಲು ಅಥವಾ ದಂಡಕ್ಕೆ ಅವಕಾಶ ಇದೆ. ಮೊದಲು ಅವರು ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು, ಅದು ಕೈಗೆ ಬಂದ ದಿನದಿಂದ ಕಟ್ಟಲು ನಿಮಗೆ 15 ದಿನ ಸಿಗುತ್ತದೆ. ಇಂಥ ನೋಟಿಸ್ ಬಂದರೆ ಅಂದೇ ವಕೀಲರನ್ನು ನೋಡಿ. ಆಟೋ ಡೆಬಿಟ್ ನಿಲ್ಲಿಸುವ ಮೊದಲೂ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು. ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಪು ಕೊಡುವುದು) ನೋಟಿಸ್ ಇಮೇಲ್‌ನಲ್ಲೂ ಬರಬಹುದು, ಸ್ಪ್ಯಾಮ್‌ನಲ್ಲಿ ಬಿದ್ದಿರಬಹುದು. ಉತ್ತರ ಕೊಡದೆ ಇದ್ದರೆ ನೀವಿಲ್ಲದೆಯೇ ಆದೇಶ ಆಗಿಬಿಡಬಹುದು. ಲೋಕ ಅದಾಲತ್ ನೋಟಿಸ್ ಬಂದರೆ ಹೆದರಬೇಡಿ, ಹೋಗಿ. ಅಲ್ಲಿ ಒಪ್ಪಲೇಬೇಕು ಅಂತಿಲ್ಲ, ಒಳ್ಳೆಯ ರಾಜಿ ಅಲ್ಲಿಯೂ ಆಗಬಹುದು.

ವಕೀಲರಿಗೆ ಕೊಡಲು ದುಡ್ಡೆಲ್ಲಿದೆ ಅನ್ನುವವರು 15100ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಕಡಿಮೆ ಆದಾಯದ ಬೇರೆಯವರಿಗೂ ಸಿಗುತ್ತದೆ.

ಮನೆ ಬಾಗಿಲಿಗೆ ಬಂದರೆ

ಬರುವುದೇ ತಪ್ಪು ಅಂತಲ್ಲ. ಆದರೆ ಐಡಿ ಕಾರ್ಡ್ ಮತ್ತು ಸಾಲದ ಸಂಸ್ಥೆ ಕೊಟ್ಟ ಅಧಿಕಾರ ಪತ್ರ ತೋರಿಸಬೇಕು. ಎರಡರ ಫೋಟೋ ತೆಗೆದುಕೊಳ್ಳಿ. ಒಳಗೆ ಕರೆಯಬೇಕಿಲ್ಲ, ಗೇಟಿನ ಹತ್ತಿರವೇ ಮಾತಾಡಿ ಕಳಿಸಿ. ಅಡಮಾನ ಇಲ್ಲದ ಸಾಲಕ್ಕೆ ಟಿವಿ, ಗಾಡಿ, ಫೋನ್ ಏನನ್ನೂ ಎತ್ತಿಕೊಂಡು ಹೋಗುವಂತಿಲ್ಲ. ಗಲಾಟೆ ಮಾಡಿದರೆ, ಹೋಗಲು ಒಪ್ಪದಿದ್ದರೆ 112ಕ್ಕೆ ಕರೆ ಮಾಡಿ. ನಗದು ಕೊಟ್ಟರೆ ರಸೀದಿ ಇಲ್ಲದೆ ಕೊಡಬೇಡಿ.

ದೂರು ಎಲ್ಲಿ ಕೊಡುವುದು

ನೋಂದಣಿ ಇರುವ ಸಂಸ್ಥೆಯಾದರೆ ಮೊದಲು ಅವರಿಗೇ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಆರ್‌ಬಿಐನ ದೂರಿನ ವೆಬ್‌ಸೈಟಾದ ಸಿಎಂಎಸ್ ಪೋರ್ಟಲ್‌ನಲ್ಲಿ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಅಧಿಕಾರಿಗೆ, ದೂರು ಹಾಕಿ. ಶುಲ್ಕ ಇಲ್ಲ, ವಕೀಲರೂ ಬೇಡ. ಹೇಗೆ ಅಂತ ಗೊತ್ತಾಗದಿದ್ದರೆ 14448ಕ್ಕೆ ಕೇಳಿ. ಮೇಲೆ ಹೇಳಿದ ಇಮೇಲ್ ನೀವು ಕಳಿಸಿದ್ದರೆ ಅರ್ಧ ದೂರು ಆಗಲೇ ಸಿದ್ಧವಾಗಿದೆ.

ಕಳ್ಳ ಆ್ಯಪ್ ಆದರೆ 1930ಕ್ಕೆ ಕರೆ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹಾಕಿ, ಜೊತೆಗೆ ಹತ್ತಿರದ ಠಾಣೆಗೆ ಅಥವಾ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಹೋಗಿ. ಅಕ್ರಮ ಹಣಕಾಸು ಸಂಸ್ಥೆಗಳ ಮೇಲೆ ದೂರು ಕೊಡುವ ಆರ್‌ಬಿಐನ ಸಚೇತ್ ಪೋರ್ಟಲ್‌ಗೂ ಒಂದು ದೂರು ಇರಲಿ. ಠಾಣೆಯಲ್ಲಿ ‘ಸಾಲ ತಗೊಂಡಿದ್ದೀರಲ್ಲ, ಕಟ್ಟಿ’ ಅಂತ ಹೇಳಿ ಕಳಿಸಲು ನೋಡಬಹುದು. ನೀವು ಸಾಲದ ಬಗ್ಗೆ ದೂರು ಕೊಡುತ್ತಿಲ್ಲ, ಬೆದರಿಕೆಯ ಬಗ್ಗೆ ಕೊಡುತ್ತಿದ್ದೀರಿ. ಹಾಗೆಯೇ ಬರೆಯಿರಿ: ಬೆದರಿಸಿ ದುಡ್ಡು ಕೀಳುವುದಕ್ಕೆ ನ್ಯಾಯ ಸಂಹಿತೆಯ 308, ಬೆದರಿಕೆಗೆ 351, ಅಶ್ಲೀಲ ಚಿತ್ರ ಹರಡಿದ್ದರೆ ಐಟಿ ಕಾಯ್ದೆಯ 67. ದಿನಾಂಕ, ಸಮಯ, ನಂಬರ್, ಏನು ಹೇಳಿದರು, ಯಾವ ಸ್ಕ್ರೀನ್‌ಶಾಟ್, ಅಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ದೂರು ಕೊಟ್ಟಿದ್ದಕ್ಕೆ ಸ್ವೀಕೃತಿ ಇಸ್ಕೊಂಡೇ ಹೊರಗೆ ಬನ್ನಿ. ಕರ್ನಾಟಕದಲ್ಲಿ 2025ರಲ್ಲಿ ಕಿರು ಸಾಲದ ಬಲವಂತದ ವಸೂಲಿ ವಿರುದ್ಧ ಕಾನೂನು ಬಂದಿದೆ, 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆರ್‌ಬಿಐ ನೋಂದಣಿ ಇರುವವರಿಗೆ ಅದು ಅನ್ವಯ ಆಗುವುದಿಲ್ಲ, ನೋಂದಣಿ ಇಲ್ಲದೆ ಸಾಲ ಕೊಟ್ಟು ಕಾಡುವವರ ವಿಷಯದಲ್ಲಿ ಠಾಣೆಯಲ್ಲಿ ಹೆಸರೆತ್ತಿ ಕೇಳಿ.

ಕಟ್ಟುವಾಗ

ಒಂದು ಆ್ಯಪ್ ತೀರಿಸಲು ಇನ್ನೊಂದು ಆ್ಯಪ್‌ನಲ್ಲಿ ಸಾಲ ಮಾಡಬೇಡಿ. ಏಜೆಂಟ್‌ಗಳೇ ಹೊಸ ಆ್ಯಪ್ ಲಿಂಕ್ ಕಳಿಸುವುದೂ ಉಂಟು. ಆ ಸುಳಿಯಿಂದ ಹೊರಗೆ ಬರುವುದು ತುಂಬಾ ಕಷ್ಟ.

ಏಜೆಂಟನ ಸ್ವಂತ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಆ್ಯಪ್ ಸಾಲದ ಕಂತು ನೇರ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಹೋಗಬೇಕು ಅನ್ನುವುದು ನಿಯಮ. ಅವನ ಜೇಬಿಗೆ ಹೋದ ದುಡ್ಡು ನಿಮ್ಮ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಕೆಲವು ತಿಂಗಳು ಕಳೆದಮೇಲೆ ‘ಸೆಟಲ್‌ಮೆಂಟ್’ ಮಾತು ಬರುತ್ತದೆ, 20,000 ಬಾಕಿ ಇದ್ದರೆ 12,000ಕ್ಕೆ ಮುಗಿಸಿ ಅನ್ನುವ ಥರ. ಒಪ್ಪುವ ಮುನ್ನ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ ತರಿಸಿಕೊಳ್ಳಿ. ಲೋನ್ ನಂಬರ್, ಮೊತ್ತ, ಕಟ್ಟಬೇಕಾದ ಕೊನೆಯ ದಿನ, ಅದಾದ ಮೇಲೆ ಏನೂ ಬಾಕಿ ಇಲ್ಲ ಅನ್ನುವ ಮಾತು, ಇಷ್ಟೂ ಅದರಲ್ಲಿ ಇರಬೇಕು. ಬಂದ ಪತ್ರ ಅಸಲಿಯಾ ಅಂತ ಕಸ್ಟಮರ್ ಕೇರ್‌ಗೆ ನೀವೇ ಕರೆ ಮಾಡಿ ಕೇಳಿ. ಪತ್ರ ಆಮೇಲೆ ಕಳಿಸುತ್ತೇವೆ ಅಂದರೆ ದುಡ್ಡೂ ಆಮೇಲೆಯೇ. ಒಂದು ವಿಷಯ ಗೊತ್ತಿರಲಿ, ಹೀಗೆ ಕಡಿಮೆಗೆ ಮುಗಿಸಿದರೆ ನಿಮ್ಮ ಸಾಲದ ಇತಿಹಾಸ ಇರುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಅಂತ ಬೀಳುತ್ತದೆ, ‘ಕ್ಲೋಸ್ಡ್’ ಅಂತ ಬೀಳುವುದಿಲ್ಲ. ಮುಂದೆ ಮನೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಅದನ್ನು ನೋಡುತ್ತಾರೆ. ಮೊತ್ತ ಸಣ್ಣದಿದ್ದು, ಪೂರ್ತಿ ಕಟ್ಟಲು ಶಕ್ತಿ ಇದ್ದರೆ ದಂಡ ಮನ್ನಾ ಮಾಡಿಸಿಕೊಂಡು ಅಸಲು ಬಡ್ಡಿ ಪೂರ್ತಿ ಕಟ್ಟಿ ಕ್ಲೋಸ್ ಮಾಡಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಶಕ್ತಿ ಇಲ್ಲದಿದ್ದರೆ ಸೆಟಲ್‌ಮೆಂಟ್ ಮಾಡಿಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಕಟ್ಟಿದ ಮೇಲೆ ಎನ್‌ಒಸಿ, ಅಂದರೆ ಏನೂ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ, ಇಮೇಲ್‌ನಲ್ಲಿ ಬಂದರೂ ಒಂದು ಪ್ರಿಂಟ್ ಇಟ್ಟುಕೊಳ್ಳಿ. ಸ್ವಲ್ಪ ಸಮಯ ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ವರದಿ ಇಡುವ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ಇನ್ನೂ ಬಾಕಿ ಅಂತಲೇ ತೋರಿಸುತ್ತಿದ್ದರೆ ಎನ್‌ಒಸಿ ಹಾಕಿ ಅವರಿಗೂ ಸಾಲದ ಸಂಸ್ಥೆಗೂ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ನಿಮಗೆ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ, ಬಿಡದೆ ಕೇಳಿ.